ಸಾಲ್ವರ್‌ಗೆ ಬರೀ ಬಿಂದು ಸಾಲದು, ಬೇಸಿಸ್ ಕೊಡಿ

ನಿನ್ನೆ ಸಾಲ್ವರ್ ಎಂಬ ತಂತ್ರಾಂಶದಿಂದ ಬಿಡಿಸಿದ ಲೀನಿಯರ್ ಪ್ರೋಗ್ರಾಮಿಂಗ್ ಲೆಕ್ಕದಲ್ಲಿ (ಇರುವ ಮಿತಿಗಳೊಳಗೆ ಅತಿ ಹೆಚ್ಚು ಲಾಭ ಹುಡುಕುವಂಥ ಲೆಕ್ಕ) ಇವತ್ತು ಒಂದೇ ಸಂಖ್ಯೆ ಬದಲಾಗಿದೆ. ಹಳೆ ಉತ್ತರವನ್ನೇ ಕೊಟ್ಟು ಅಲ್ಲಿಂದ ಶುರು ಮಾಡಿಸಬಹುದಲ್ವಾ? ಮಾಡಿಸಬಹುದು. ಆದರೆ ಹಳೆ ಉತ್ತರದಲ್ಲಿ ಏನನ್ನು ಕೊಡಬೇಕು ಅನ್ನುವುದು ನನಗೆ ಅರ್ಥವಾಗಿದ್ದು ಒಂದು ಚಿಕ್ಕ ಲೆಕ್ಕವನ್ನು ಕೈಯಲ್ಲೇ ಮಾಡಿದ ಮೇಲೆ.

ಒಬ್ಬ ಬಡಗಿ ಇದ್ದಾನೆ ಅಂದುಕೊಳ್ಳಿ. ಕುರ್ಚಿಗೆ 2 ಗಂಟೆ ಬೇಕು, ಸ್ಟೂಲಿಗೆ 1 ಗಂಟೆ. ಇರುವುದು 10 ಗಂಟೆ. ಎರಡಕ್ಕೂ ತಲಾ 1 ಹಲಗೆ ಬೇಕು, ಇರುವುದು 8 ಹಲಗೆ. ಲಾಭ ಕುರ್ಚಿಗೆ 400 ರೂಪಾಯಿ, ಸ್ಟೂಲಿಗೆ 300. ಉತ್ತರ: 2 ಕುರ್ಚಿ, 6 ಸ್ಟೂಲು, ಲಾಭ 2,600 ರೂಪಾಯಿ.

ಈಗ ಹಲಗೆ 7 ಆಯಿತು. ಹಳೆ ಬಿಂದುವಿಗೆ, ಅಂದರೆ 2 ಕುರ್ಚಿ, 6 ಸ್ಟೂಲಿಗೆ, 8 ಹಲಗೆ ಬೇಕು, ಹಾಗಾಗಿ ಅದು ನಡೆಯುವುದಿಲ್ಲ. ಆದರೆ ಆ ಉತ್ತರದ ಹಿಂದೆ ಇನ್ನೊಂದು ಮಾಹಿತಿ ಇತ್ತು: ಸಮಯ, ಹಲಗೆ ಎರಡೂ ಪೂರ್ತಿ ಖಾಲಿಯಾಗಿದ್ದವು. ಅಂದರೆ ಕುರ್ಚಿ ಮತ್ತು ಸ್ಟೂಲು ಬೇಸಿಸ್ (ಸಮೀಕರಣ ಬಿಡಿಸಿ ಕಂಡುಹಿಡಿಯಬೇಕಾದವುಗಳ ಪಟ್ಟಿ, ಉಳಿದವು ಸೊನ್ನೆ) ಒಳಗೆ, ಎರಡು ಸ್ಲ್ಯಾಕ್‌ಗಳು (ಬಳಸದೆ ಉಳಿದ ಸಮಯ, ಉಳಿದ ಹಲಗೆ) ಹೊರಗೆ. ಅದನ್ನೇ ಇಟ್ಟುಕೊಂಡು ಎರಡು ಸಮೀಕರಣ ಬಿಡಿಸಿದರೆ 3 ಕುರ್ಚಿ, 4 ಸ್ಟೂಲು, 2,400 ರೂಪಾಯಿ. ಸಿಂಪ್ಲೆಕ್ಸ್, ಅಂದರೆ ಬೇಸಿಸ್ ಬದಲಿಸುತ್ತಾ ಉತ್ತರ ಹುಡುಕುವ ವಿಧಾನ, ಒಂದು ಹೆಜ್ಜೆಯನ್ನೂ ಇಡಬೇಕಿಲ್ಲ! ಇದು ನನಗೆ ತುಂಬಾ ಇಷ್ಟವಾದ ಜಾಗ.

ಹಲಗೆ 4ಕ್ಕೆ ಇಳಿದರೆ? ಅದೇ ಬೇಸಿಸ್ 6 ಕುರ್ಚಿ, −2 ಸ್ಟೂಲು ಅನ್ನುತ್ತದೆ. ಸ್ಟೂಲು ಮೈನಸ್ ಆಗಲು ಸಾಧ್ಯವಿಲ್ಲ. ಆದರೂ ಈ ಬೇಸಿಸ್ ವ್ಯರ್ಥವಲ್ಲ. ಡ್ಯುಯಲ್ ಬೆಲೆಗಳು (ಒಂದು ಗಂಟೆ ಅಥವಾ ಹಲಗೆ ಹೆಚ್ಚಾದರೆ ಬರುವ ಹೆಚ್ಚುವರಿ ಲಾಭ), ಅಂದರೆ ಗಂಟೆಗೆ 100, ಹಲಗೆಗೆ 200 ರೂಪಾಯಿ, ಹಾಗೇ ಇವೆ, ಯಾಕೆಂದರೆ ಲಾಭದ ಅಂಕಿ ಬದಲಾಗಿಲ್ಲ. ಡ್ಯುಯಲ್ ಸಿಂಪ್ಲೆಕ್ಸ್ (ಈ ಬೆಲೆಗಳನ್ನು ಸರಿಯಾಗಿಟ್ಟುಕೊಂಡು ಮೈನಸ್‌ಗಳನ್ನು ತೆಗೆಯುವ ಬಗೆ) ಇಲ್ಲಿಂದಲೇ ಹೊರಟು ಒಂದೇ ಪಿವಟ್‌ನಲ್ಲಿ (ಬೇಸಿಸ್‌ನಲ್ಲಿ ಒಂದು ಅದಲುಬದಲು) ಮುಗಿಸುತ್ತದೆ: ಸ್ಟೂಲು ಹೊರಗೆ, ಸಮಯದ ಸ್ಲ್ಯಾಕ್ ಒಳಗೆ, 4 ಕುರ್ಚಿ, 1,600 ರೂಪಾಯಿ. ಹೊಸ ನಿರ್ಬಂಧ ಸೇರಿಸಿದಾಗಲೂ ಇದೇ ದಾರಿ. ಲಾಭ ಮಾತ್ರ ಬದಲಾದರೆ ಹಳೆ ಬಿಂದು ನಡೆಯುತ್ತದೆ, ಆಗ ಪ್ರೈಮಲ್ ಸಿಂಪ್ಲೆಕ್ಸ್ (ನಡೆಯುವ ಬಿಂದುವಿನಿಂದ ಲಾಭ ಹೆಚ್ಚಿಸುತ್ತಾ ಹೋಗುವ ಬಗೆ) ಸಾಕು.

ಬೇಸಿಸ್ ಇಲ್ಲದೆ ಸುಮ್ನೆ ಒಂದು ಬಿಂದು ಕೊಟ್ಟರೆ ಏನಾಗುತ್ತದೆ? ಮೊದಲಿನ ಲೆಕ್ಕಕ್ಕೆ 2 ಕುರ್ಚಿ, 5 ಸ್ಟೂಲು ಕೊಟ್ಟೆವು ಅನ್ನಿ. 1 ಗಂಟೆ, 1 ಹಲಗೆ ಉಳಿಯುತ್ತವೆ. ಸೊನ್ನೆಯಲ್ಲದ ಅಂಕಿಗಳು ನಾಲ್ಕು, ಬೇಸಿಸ್‌ನಲ್ಲಿ ಜಾಗ ಎರಡೇ (ನಿರ್ಬಂಧಕ್ಕೊಂದು). ಆದ್ದರಿಂದ ಸಾಲ್ವರ್ ಮೊದಲು ಆ ಬಿಂದುವನ್ನು ನಿರ್ಬಂಧಗಳು ಸೇರುವ ಒಂದು ಮೂಲೆಗೆ ತಳ್ಳಬೇಕು. ಇದಕ್ಕೆ ಕ್ರಾಸ್‌ಓವರ್ ಅನ್ನುತ್ತಾರೆ. ದೊಡ್ಡ ಮಾಡೆಲ್‌ನಲ್ಲಿ ಇದಕ್ಕೂ ಸಮಯ ಹಿಡಿಯುತ್ತದೆ.

ಇಂಟೀರಿಯರ್ ಪಾಯಿಂಟ್ ವಿಧಾನಕ್ಕಂತೂ ಹಳೆ ಮೂಲೆ ಒಳ್ಳೆಯ ಆರಂಭವಲ್ಲ. ಅದು ಎಲ್ಲ ಗೋಡೆಗಳಿಂದಲೂ, ಅಂದರೆ ನಿರ್ಬಂಧಗಳ ಅಂಚುಗಳಿಂದಲೂ, ದೂರ ಇದ್ದು ನಡೆಯುವ ವಿಧಾನ. ಗೋಡೆಗೆ ಅಂಟಿ ಶುರು ಮಾಡಿದರೆ ಹೆಜ್ಜೆಗಳು ತೀರಾ ಚಿಕ್ಕದಾಗುತ್ತವೆ.

ಗುರೋಬಿ ಎಂಬ ಸಾಲ್ವರ್‌ನಲ್ಲಿ ಬೇಸಿಸ್ ಕೊಡಲು ವಿಬೇಸಿಸ್, ಸಿಬೇಸಿಸ್ ಇವೆ. ಬಿಂದು ಕೊಡಲು ಪಿಸ್ಟಾರ್ಟ್, ಡಿಸ್ಟಾರ್ಟ್. ಹೈಸ್ ಎಂಬ ಇನ್ನೊಂದು ಸಾಲ್ವರ್‌ನಲ್ಲಿ ಸೆಟ್‌ಬೇಸಿಸ್ ಇದೆ. ಆದರೆ ಪೈಥಾನ್ ಲೈಬ್ರರಿಯಾದ ಸೈಪೈನ ಲಿನ್‌ಪ್ರಾಗ್‌ ಮೂಲಕ ಹೈಸ್ ಬಳಸುವವರು ಎಕ್ಸ್‌ಜೀರೋ (ಆರಂಭದ ಬಿಂದು) ಕೊಟ್ಟು ಪ್ರಯೋಜನವಿಲ್ಲ, ಅದು ಬಳಕೆಯಾಗುವುದೇ ಇಲ್ಲ. ಪ್ರಿಸಾಲ್ವ್ ಬಗ್ಗೆಯೂ ಎಚ್ಚರ ಇರಲಿ: ಅದು ಮಾಡೆಲನ್ನು ಕುಗ್ಗಿಸಿದ ಮೇಲೆ ನಮ್ಮ ಬೇಸಿಸ್ ನೇರವಾಗಿ ಹೊಂದುವುದಿಲ್ಲ. ಬೇಸಿಸ್ ಕೊಟ್ಟು ಒಮ್ಮೆ, ಕೊಡದೆ ಒಮ್ಮೆ ಓಡಿಸಿ ಲಾಗ್‌ನಲ್ಲಿ ಇಟರೇಷನ್ (ಹೆಜ್ಜೆಗಳು) ಎಣಿಸಿ. ಎರಡೂ ಒಂದೇ ಇದ್ದರೆ, ನೀವು ಕೊಟ್ಟಿದ್ದು ಸಾಲ್ವರ್‌ಗೆ ತಲುಪಿದೆಯೇ ಅಂತ ಮೊದಲು ನೋಡಿ.