ಬ್ರೇಕ್ ಒತ್ತಿದರೂ ಲಿವರ್ 'ಪಿ' ಬಿಟ್ಟು ಬರುತ್ತಿಲ್ಲ, ಗೇರ್‌ಬಾಕ್ಸ್ ಹೋಯಿತೇ?

ಪ್ರಶ್ನೆ: ನಮ್ಮದು ಕೀಲಿ ತಿರುಗಿಸಿ ಸ್ಟಾರ್ಟ್ ಮಾಡುವ ಆಟೊಮ್ಯಾಟಿಕ್ ಕಾರು. ಎಂಜಿನ್ ಸ್ಟಾರ್ಟ್ ಆಗುತ್ತದೆ, ಆದರೆ ಲಿವರ್ 'ಪಿ'ಯಿಂದ (ಪಾರ್ಕಿಂಗ್) ಅಲುಗುವುದಿಲ್ಲ. ಗೇರ್‌ಬಾಕ್ಸ್ ಇಳಿಸಬೇಕೇ?

ಖಂಡಿತ ಅವಸರ ಮಾಡಬೇಡಿ. ಈ ಲಕ್ಷಣಕ್ಕೆ ಗೇರ್‌ಬಾಕ್ಸ್ ಕಾರಣವಾಗುವುದು ಬಹಳ ಅಪರೂಪ. ಬ್ರೇಕ್ ಒತ್ತದೆ ಯಾರೂ ಗೇರ್ ಹಾಕಬಾರದೆಂದು ಲಿವರಿನ ಬುಡದಲ್ಲಿ ಒಂದು ಸೊಲೆನಾಯ್ಡ್ ಬೀಗ, ಅಂದರೆ ವಿದ್ಯುತ್ತಿನಿಂದ ತೆರೆಯುವ ಬೀಗ, ಇರುತ್ತದೆ. ಪೆಡಲ್ ಮೇಲಿನ ಬ್ರೇಕ್ ಸ್ವಿಚ್ ಸಂಕೇತ ಕೊಟ್ಟರೆ ಮಾತ್ರ ಅದು ಬಿಡುತ್ತದೆ. ಅದೇ ಸ್ವಿಚ್ಚೇ ಹಿಂದಿನ ಬ್ರೇಕ್ ಲೈಟನ್ನೂ ಉರಿಸುತ್ತದೆ. ಆದ್ದರಿಂದ ಮೊದಲ ಪರೀಕ್ಷೆಗೆ ಸ್ಪ್ಯಾನರ್ ಬೇಡ: ಹೆಡ್‌ಲೈಟ್ ಆರಿಸಿ, ಬ್ರೇಕ್ ಒತ್ತಿ, ಹಿಂದೆ ಲೈಟ್ ಬರುತ್ತದೆಯೇ ಎಂದು ಇನ್ನೊಬ್ಬರಿಂದ ನೋಡಿಸಿ.

ಒಂದೂ ಲೈಟ್ ಬರದಿದ್ದರೆ ಫ್ಯೂಸ್ ಬಾಕ್ಸಿನಲ್ಲಿ 'ಸ್ಟಾಪ್' ಎಂದು ಬರೆದ ಫ್ಯೂಸ್ ತೆಗೆದು ನೋಡಿ. ಸಾಮಾನ್ಯವಾಗಿ ಅದು 10 ಅಥವಾ 15 ಆಂಪಿಯರ್. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದನ್ನು ಹಾಕಿ; ದೊಡ್ಡದು ಹಾಕಿದರೆ ಫ್ಯೂಸಿನ ಬದಲು ವೈರ್ ಸುಡುತ್ತದೆ. ಮತ್ತೆ ಸುಟ್ಟರೆ ಎಲ್ಲೋ ಶಾರ್ಟ್ ಇದೆ: ಹೊರಗಿನಿಂದ ಹಾಕಿಸಿದ ಎಲ್‌ಇಡಿ, ಡಿಕ್ಕಿ ಬಾಗಿಲಿನ ಬಳಿ ಸವೆದ ವೈರ್, ಇಲ್ಲವೇ ಇಲಿ ಕಡಿದದ್ದು. ಫ್ಯೂಸ್ ಸರಿಯಿದ್ದರೆ ಸ್ವಿಚ್ಚನ್ನೇ ಪರೀಕ್ಷಿಸಿ. ಮಲ್ಟಿಮೀಟರಿನಲ್ಲಿ ಒಂದು ವೈರಿಗೆ ಸುಮಾರು 12 ವೋಲ್ಟ್ ಬಂದು, ಪೆಡಲ್ ಒತ್ತಿದರೂ ಇನ್ನೊಂದಕ್ಕೆ ಹೋಗದಿದ್ದರೆ ಸ್ವಿಚ್ ಹೋಗಿದೆ. ಇದು ಸಣ್ಣ ಭಾಗ, ಬದಲಿಸುವುದೂ ಸುಲಭ. ಬ್ರೇಕ್ ಲೈಟ್ ಆರುವುದೇ ಇಲ್ಲ ಎನ್ನುವುದು ಬೇರೆ ದೋಷ: ಪೆಡಲಿನ ತೋಳಿನಲ್ಲಿರುವ ರಬ್ಬರ್ ಅಥವಾ ಪ್ಲಾಸ್ಟಿಕ್ ಬಿರಡೆ ಪುಡಿಯಾಗಿರಬಹುದು. ಮ್ಯಾಟ್ ಮೇಲೆ ಚೂರುಗಳು ಬಿದ್ದಿವೆಯೇ ನೋಡಿ.

ಬ್ರೇಕ್ ಲೈಟ್ ಸರಿಯಾಗಿ ಬರುತ್ತಿದ್ದರೆ ಎಂಜಿನ್ ಆಫ್ ಇಟ್ಟು, ಇಗ್ನಿಷನ್ ಮಾತ್ರ ಆನ್ ಮಾಡಿ, ಲಿವರಿಗೆ ಕಿವಿ ಕೊಟ್ಟು ಬ್ರೇಕ್ ಒತ್ತಿ. ಹೆಚ್ಚಿನ ಕಾರುಗಳಲ್ಲಿ 'ಟಕ್' ಎಂಬ ಸದ್ದು ಬರಬೇಕು. ಬರದಿದ್ದರೆ ಸೊಲೆನಾಯ್ಡ್ ಅಥವಾ ಅದರ ವೈರ್ ಕಾರಣ. ಸದ್ದು ಬಂದೂ ಲಿವರ್ ಬರದಿದ್ದರೆ ಅದರ ಬಟನ್ನಿನೊಳಗೆ ಚೆಲ್ಲಿದ ಕಾಫಿ, ಜ್ಯೂಸ್ ಅಂಟಿರಬಹುದು.

ಘಾಟಿ ರಸ್ತೆಯ ಇಳಿಜಾರಿನಲ್ಲಿ ನಿಲ್ಲಿಸಿದಾಗ ಮಾತ್ರ ಸಿಕ್ಕಿಕೊಳ್ಳುತ್ತಿದೆಯೇ? ಹಾಗಾದರೆ ಯಾವ ಭಾಗವೂ ಕೆಟ್ಟಿಲ್ಲ. ಕಾರಿನ ಪೂರ್ತಿ ಭಾರ ಗೇರ್‌ಬಾಕ್ಸಿನ ಪುಟ್ಟ ಪಾರ್ಕಿಂಗ್ ಕೊಂಡಿಯ ಮೇಲೆ ಕೂತಿದೆ. ನಿಲ್ಲಿಸುವಾಗ ಬ್ರೇಕ್ ಒತ್ತಿ 'ಎನ್'ಗೆ (ನ್ಯೂಟ್ರಲ್) ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಸಡಿಲಿಸಿ ಕಾರು ಅದರ ಮೇಲೆ ಕೂರಲಿ. ಮತ್ತೆ ಬ್ರೇಕ್ ಒತ್ತಿ 'ಪಿ'ಗೆ ಹಾಕಿ.

ದಾರಿಯಲ್ಲೇ ಸಿಕ್ಕಿಬಿದ್ದರೆ ಲಿವರಿನ ಪಕ್ಕ ಸಣ್ಣ ಮುಚ್ಚಳ ಹುಡುಕಿ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿಹಿಡಿದು, ಮುಚ್ಚಳದಡಿಯ ತೂತಿನಲ್ಲಿ ಸ್ಕ್ರೂಡ್ರೈವರ್ ಒತ್ತುತ್ತಲೇ ಲಿವರನ್ನು 'ಎನ್'ಗೆ ತನ್ನಿ. ಇದು ಗ್ಯಾರೇಜ್ ತಲುಪುವವರೆಗಿನ ಉಪಾಯ ಮಾತ್ರ. ಬ್ರೇಕ್ ಲೈಟ್ ಇಲ್ಲದೆ ಹೆದ್ದಾರಿಗೆ ಇಳಿದರೆ ಹಿಂದಿನ ಲಾರಿಯವನಿಗೆ ನೀವು ನಿಲ್ಲುತ್ತಿರುವುದು ಗೊತ್ತಾಗುವುದಿಲ್ಲ. ಗುಂಡಿ ತಿರುಗಿಸಿ ಗೇರ್ ಹಾಕುವ ಕಾರುಗಳಲ್ಲಿ ಈ ತೂತು ಇರುವುದಿಲ್ಲ, ಮ್ಯಾನುಯಲ್ ನೋಡಿ.

ನಿಜಕ್ಕೂ ಭಯಪಡಬೇಕಾದ ದೋಷ ಇದಕ್ಕೆ ತದ್ವಿರುದ್ಧ: ಲಿವರ್ ಸಡಿಲವಾಗಿ ಆಡುತ್ತದೆ, ಗೇರ್ ಬದಲಾಗುವುದಿಲ್ಲ. ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ಲಿನ ತುದಿಯ ಪ್ಲಾಸ್ಟಿಕ್ ಬುಷ್ ಒಡೆದಾಗ ಹೀಗಾಗುತ್ತದೆ. ಆಗ ಲಿವರ್ 'ಪಿ'ಯಲ್ಲಿದ್ದರೂ ಕಾರು ಉರುಳಬಹುದು. ಅಂಥ ಕಾರನ್ನು ಓಡಿಸಲೇಬೇಡಿ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆಸಿ.