ಸೋರುವುದು ಮಾಡು, ರಿಪೇರಿ ಗೋಡೆಗೆ

“ಸರ್, ಸುತ್ತ ಇನ್ನೊಂದು ನಾಲ್ಕು ಸಾಲು ತೂತು ಸೇರಿಸಿದರೆ ಆಗುತ್ತಾ?”

ನಮ್ಮ ಫೋಟಾನಿಕ್ ಕ್ರಿಸ್ಟಲ್ ಎಂದರೆ ಸಾಲುಸಾಲಾಗಿ ತೂತು ಕೊರೆದ ತೆಳು ಸಿಲಿಕಾನ್ ಹಾಳೆ. ನಡುವೆ ಕೆಲವು ತೂತು ಕೊರೆಯದೆ ಬಿಟ್ಟರೆ ಬೆಳಕು ಅಲ್ಲಿ ಸಿಕ್ಕಿಕೊಳ್ಳುತ್ತದೆ, ಅದೇ ಕ್ಯಾವಿಟಿ. ಬೆಳಕು ಅದರಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದರ ಅಳತೆ ಕ್ಯೂ ಮೌಲ್ಯ. ಅದು ಏರುತ್ತಿಲ್ಲವೆಂದು ಬರುವವರೆಲ್ಲ ಕೇಳುವುದು ಇದನ್ನೇ. ಈಗಾಗಲೇ ಹದಿನೈದು ಸಾಲು ಇದೆಯಲ್ಲ, ಇನ್ನೂ ಸೇರಿಸಿ ಏನೂ ಆಗುವುದಿಲ್ಲ. ಪಕ್ಕದಲ್ಲಿ ವೇವ್‌ಗೈಡ್, ಅಂದರೆ ಬೆಳಕು ಸಾಗುವ ದಾರಿ, ಜೋಡಿಸಿದ್ದರೆ ಮಾತ್ರ ಲೆಕ್ಕ ಬೇರೆ.

ನಿಮ್ಮ ಸಿಲಿಕಾನ್ ಹಾಳೆಯ ದಪ್ಪ ಇನ್ನೂರು ಚಿಲ್ಲರೆ ನ್ಯಾನೊಮೀಟರ್. ಪಕ್ಕಕ್ಕೆ ಹೋಗುವ ಬೆಳಕನ್ನು ತೂತಿನ ಸಾಲುಗಳು ತಡೆಯುತ್ತವೆ, ಸರಿ. ಮೇಲೆ ಕೆಳಗೆ ಏನಿದೆ? ಬರೀ ಗಾಳಿ. ಅಲ್ಲಿ ಕಾವಲಿಗಿರುವುದು ಪೂರ್ಣ ಆಂತರಿಕ ಪ್ರತಿಫಲನ ಒಂದೇ. ಅದು ಓರೆಯಾಗಿ ಬಂದ ಬೆಳಕನ್ನಷ್ಟೇ ಹಿಂದಕ್ಕೆ ಕಳಿಸುತ್ತದೆ. ನೆಟ್ಟಗೆ ಬಂದದ್ದು ಹೊರಗೆ. ಹಾಗೆ ನೆಟ್ಟಗೆ ಹೊರಡುವ ಅಲೆಗಳನ್ನು ಹುಟ್ಟಿಸುವವರು ನಾವೇ. ಕ್ಯಾವಿಟಿಯ ಅಂಚಿನಲ್ಲಿ ಬೆಳಕಿನ ಕ್ಷೇತ್ರವನ್ನು ಕತ್ತರಿಸಿದ ಹಾಗೆ ನಿಲ್ಲಿಸಿದರೆ ಅದರ ಫೂರಿಯೆ ಘಟಕಗಳು, ಅಂದರೆ ಅದನ್ನು ಬಿಡಿಸಿದಾಗ ಸಿಗುವ ಸರಳ ಅಲೆಗಳು, ಚದುರುತ್ತವೆ; ಒಂದಷ್ಟು ಲೈಟ್ ಕೋನಿನ ಒಳಗೆ, ಅಂದರೆ ಹಾಳೆಯಿಂದ ಹೊರಹೋಗಬಲ್ಲ ಅಲೆಗಳ ವಲಯದೊಳಗೆ, ಬೀಳುತ್ತವೆ. ಗೋಡೆ ಗಡುಸಾದಷ್ಟೂ ಮಾಡು ಸೋರುತ್ತದೆ! ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ. ಕ್ಷೇತ್ರ ಅಂಚಿಗೆ ಹೋಗುತ್ತಾ ಮೆಲ್ಲಗೆ ಇಳಿಯಬೇಕು.

ಕ್ಯೋಟೊ ವಿಶ್ವವಿದ್ಯಾಲಯದ ಸುಸುಮು ನೋಡಾ ಅವರ ತಂಡ 2003ರಲ್ಲಿ ತೋರಿಸಿದ್ದು ಇದನ್ನೇ. ಮೂರು ತೂತು ಬಿಟ್ಟ ಕ್ಯಾವಿಟಿ, ಎರಡು ತುದಿಯ ತೂತುಗಳನ್ನು ಸುಮಾರು 60 ನ್ಯಾನೊಮೀಟರ್ ಹೊರಕ್ಕೆ ಸರಿಸಿದರು, ಅಷ್ಟೇ. ಅಳತೆಯಲ್ಲಿ ಸಿಕ್ಕ ಕ್ಯೂ 45,000. ಎರಡು ವರ್ಷದ ಮೇಲೆ, ತೂತುಗಳ ಅಂತರವನ್ನು 410ರಿಂದ 420 ನ್ಯಾನೊಮೀಟರಿಗೆ ಬದಲಿಸಿದ ವಿನ್ಯಾಸದಲ್ಲಿ ಅದು ಆರು ಲಕ್ಷ ಮುಟ್ಟಿತು.

ಈಚೆಗೆ ಒಬ್ಬ ಹುಡುಗ ಮೂವತ್ತು ಸಾಲಿನ ವಿನ್ಯಾಸ ಹಿಡಿದು ಬಂದ. ಪಾಪ, ಕಷ್ಟಪಟ್ಟಿದ್ದ. ಕ್ಷೇತ್ರದ ಫೂರಿಯೆ ಚಿತ್ರ ತೆಗೆಯಪ್ಪಾ ಎಂದೆ. ನಡುವಿನ ವೃತ್ತದೊಳಗೆ, ಅಂದರೆ ಲೈಟ್ ಕೋನಿನಲ್ಲಿ, ಎರಡು ಕೆಂಪು ಮಚ್ಚೆ ಎದ್ದು ಕಾಣುತ್ತಿದ್ದವು. ತುದಿಯ ತೂತುಗಳನ್ನು ಸರಿಸಿ ರಾತ್ರಿಯಿಡೀ ಕಂಪ್ಯೂಟರಿನಲ್ಲಿ ಲೆಕ್ಕ ಓಡಿಸಿದ. ಬೆಳಿಗ್ಗೆ ಮಚ್ಚೆ ಮಸುಕಾಗಿತ್ತು, ಕ್ಯೂ ಹತ್ತು ಪಟ್ಟು ಏರಿತ್ತು.

ಹಿಗ್ಗಬೇಡ ಎಂದೆ. ಲೆಕ್ಕಕ್ಕಾಗಿ ಹಾಳೆಯನ್ನು ಭಾಗಿಸಿದ ಗ್ರಿಡ್ ಒರಟಾಗಿದ್ದರೆ ಐದು ನ್ಯಾನೊಮೀಟರ್ ಸರಿಸಿದ್ದು ಲೆಕ್ಕಕ್ಕೆ ಸರಿಯಾಗಿ ಸಿಗದೆಯೂ ಇರಬಹುದು. ಚಿಪ್ ಕೈಗೆ ಬಂದಾಗ ತೂತಿನ ಗೋಡೆ ಒರಟು, ಅಳತೆ ಒಂದೆರಡು ನ್ಯಾನೊಮೀಟರ್ ಹೆಚ್ಚುಕಮ್ಮಿ. ಕ್ಯೂವಿನ ವಿಲೋಮವೇ ನಷ್ಟ, ನಷ್ಟಗಳು ಕೂಡುತ್ತವೆ: ವಿನ್ಯಾಸದ ಕ್ಯೂ ಒಂದು ಕೋಟಿ, ತಯಾರಿಕೆಯ ಮಿತಿ ಒಂದು ಲಕ್ಷ ಎಂದಾದರೆ ಕೈಗೆ ಸಿಗುವುದು 99,000.

ತಲೆಯಾಡಿಸಿದ. ಬಾಗಿಲ ತನಕ ಹೋಗಿ ತಿರುಗಿದ. “ಸರ್, ಚಿಪ್‌ನಲ್ಲಿ ಜಾಗ ಉಳಿದಿದೆ. ಎರಡು ಸಾಲು ಹಾಕಿಬಿಡಲಾ?”