ಚರ್ಚ್‌ನಿಂದ ದೂರವಾದ ಮಗನನ್ನು ಮತ್ತೆ ಕರೆಯುವುದು ಹೇಗೆ?

ಪ್ರಶ್ನೆ: ನಮ್ಮದು ಮಂಜೇಶ್ವರ ಕಡೆಯ ಕೊಂಕಣಿ ಕಥೋಲಿಕ ಕುಟುಂಬ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಹಿಂದೂ ಹುಡುಗಿಯನ್ನು ರಿಜಿಸ್ಟರ್ ಮದುವೆಯಾದ. ಅಂದಿನಿಂದ ಪೂಜೆಗೆ ಹೋಗುತ್ತಿಲ್ಲ. ‘ನನ್ನನ್ನು ಚರ್ಚ್‌ನವರು ಸೇರಿಸುವುದಿಲ್ಲ’ ಎನ್ನುತ್ತಾನೆ. ಮಗುವಿಗೆ ಜ್ಞಾನಸ್ನಾನವೂ (ಬ್ಯಾಪ್ಟಿಸಂ) ಆಗಿಲ್ಲ. ನಾವೇನು ಮಾಡಬಹುದು?

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ರಿಜಿಸ್ಟರ್ ಮದುವೆಯಾದ ಮಾತ್ರಕ್ಕೆ ಯಾರೂ ಧರ್ಮಸಭೆಯಿಂದ, ಅಂದರೆ ಕಥೋಲಿಕ ಚರ್ಚ್‌ನಿಂದ, ಬಹಿಷ್ಕೃತರಾಗುವುದಿಲ್ಲ. ಜ್ಞಾನಸ್ನಾನದ ಗುರುತು ಅಳಿಸಲಾಗದ್ದು ಎಂಬುದು ಕಥೋಲಿಕ ಬೋಧನೆ. ಆದ್ದರಿಂದ ನಿಮ್ಮ ಮಗ ಈಗಲೂ ಕಥೋಲಿಕನೇ. ಭಾನುವಾರದ ಬಲಿಪೂಜೆಯಲ್ಲಿ ಭಾಗವಹಿಸಲು ಅವನಿಗೆ ಯಾರ ಅನುಮತಿಯೂ ಬೇಡ. ಆದರೆ ಧರ್ಮಸಭೆಯ ವಿಧಿಯ ಹೊರಗೆ ನಡೆದ ಅವನ ಮದುವೆಯನ್ನು ಧರ್ಮಸಭೆ ಸಿಂಧುವೆಂದು ಪರಿಗಣಿಸುವುದಿಲ್ಲವಾದ್ದರಿಂದ, ಅದು ಸರಿಯಾಗುವವರೆಗೆ ಸಾಮಾನ್ಯವಾಗಿ ಪರಮಪ್ರಸಾದವನ್ನು (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು) ಸ್ವೀಕರಿಸುವಂತಿಲ್ಲ. ಈ ಒಂದು ನಿರ್ಬಂಧವನ್ನೇ ಜನ ಪೂರ್ಣ ಬಹಿಷ್ಕಾರವೆಂದು ತಿಳಿದು, ನಾಚಿಕೆಯಿಂದಲೋ ನೋವಿನಿಂದಲೋ ದೂರ ಉಳಿದುಬಿಡುತ್ತಾರೆ. ಅವರಿಗೆ ನಿಜಸ್ಥಿತಿಯನ್ನು ಯಾರೂ ಸಮಾಧಾನದಿಂದ ತಿಳಿಸದೆ ಇರುವುದು ನನಗೆ ಬಹಳ ದುಃಖದ ಸಂಗತಿಯಾಗಿ ಕಾಣುತ್ತದೆ.

ಮದುವೆಯನ್ನು ಸರಿಪಡಿಸುವುದು ಜನ ಹೆದರುವಷ್ಟು ಕಷ್ಟದ ಕೆಲಸವಲ್ಲ. ಇಬ್ಬರಿಗೂ ಹಿಂದೆ ಬೇರೆ ಮದುವೆ ಆಗಿಲ್ಲದಿದ್ದರೆ, ಅನ್ಯಧರ್ಮೀಯರೊಂದಿಗಿನ ಮದುವೆಗೆ ಧರ್ಮಾಧ್ಯಕ್ಷರಿಂದ (ಬಿಷಪ್‌ರಿಂದ) ವಿನಾಯಿತಿ ಪಡೆದು, ಧರ್ಮಗುರು ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಸರಳವಾಗಿ ಸಮ್ಮತಿಯನ್ನು ಹೇಳಿದರೆ ಸಾಕು. ಸೊಸೆ ಮತಾಂತರವಾಗಬೇಕಿಲ್ಲ. ತನ್ನ ವಿಶ್ವಾಸವನ್ನು ಉಳಿಸಿಕೊಳ್ಳುವ, ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ಶಕ್ತಿಮೀರಿ ಯತ್ನಿಸುವ ಮಾತನ್ನು ಕೊಡಬೇಕಾದವನು ನಿಮ್ಮ ಮಗ. ಆಕೆಗೆ ಆ ಮಾತಿನ ವಿಷಯ ತಿಳಿದಿರಬೇಕು, ಅಷ್ಟೆ. ಆಕೆ ಮತ್ತೊಮ್ಮೆ ಸಮ್ಮತಿ ಹೇಳಲು ಒಪ್ಪದಿದ್ದರೆ, ಮೊದಲು ಕೊಟ್ಟ ಸಮ್ಮತಿ ಇಬ್ಬರಲ್ಲೂ ಉಳಿದಿರುವಾಗ ಅದನ್ನೇ ಮೂಲದಿಂದ ಊರ್ಜಿತಗೊಳಿಸುವ ದಾರಿಯೂ 1983ರ ಧರ್ಮಸಭಾ ಕಾನೂನು ಸಂಹಿತೆಯ 1161ನೆಯ ನಿಯಮದಲ್ಲಿದೆ. ಮಂಜೇಶ್ವರವಿರುವ ಕಾಸರಗೋಡು ಜಿಲ್ಲೆ ಕೇರಳದಲ್ಲಿದ್ದರೂ ನಿಮ್ಮ ಕಡೆಯ ಕೊಂಕಣಿ ಧರ್ಮಕೇಂದ್ರಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಆದ್ದರಿಂದ ಅರ್ಜಿ ನಿಮ್ಮ ಧರ್ಮಗುರುಗಳ ಮೂಲಕ ಮಂಗಳೂರಿಗೆ ಹೋಗಬಹುದು, ಇಲ್ಲವೆ ಮಗ ಬೆಂಗಳೂರಿನಲ್ಲಿ ತಾನಿರುವ ಧರ್ಮಕೇಂದ್ರದಲ್ಲೇ ವಿಚಾರಿಸಬಹುದು. ಜ್ಞಾನಸ್ನಾನದ ಪ್ರಮಾಣಪತ್ರ ಮಾತ್ರ ಅವನಿಗೆ ಜ್ಞಾನಸ್ನಾನವಾದ ಚರ್ಚ್‌ನಿಂದಲೇ ಬರಬೇಕು. ಅದನ್ನು ತೆಗೆಸಿಡುವ ಕೆಲಸ ನೀವು ಮಾಡಬಹುದಾದದ್ದು.

ವರ್ಷಗಟ್ಟಲೆ ಬಿಟ್ಟುಹೋದ ಪಾಪನಿವೇದನೆಯ, ಅಂದರೆ ಗುರುಗಳಲ್ಲಿ ಪಾಪಗಳನ್ನು ಹೇಳಿಕೊಂಡು ಕ್ಷಮೆ ಪಡೆಯುವುದರ, ಹೆದರಿಕೆಯೂ ಸಣ್ಣದಲ್ಲ. ಪ್ರಾರ್ಥನೆ ಮರೆತುಹೋಗಿದ್ದರೆ ‘ಬಹಳ ವರ್ಷವಾಯಿತು ಫಾದರ್, ಸಹಾಯ ಮಾಡಿ’ ಎಂದರೆ ಸಾಕು, ಅವರೇ ಕೇಳಿ ಕೇಳಿ ಮುನ್ನಡೆಸುತ್ತಾರೆ. ಪರಿಚಯದ ಗುರುಗಳ ಮುಂದೆ ಹೇಳಲು ಸಂಕೋಚವಾದರೆ ಯಾರೂ ಗುರುತಿಸದ ಊರಿನ ಚರ್ಚ್‌ಗೆ ಹೋಗಬಹುದು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ನೇರವಾಗಿ ಬಯಲು ಮಾಡಿದ ಗುರುವಿಗೇ ಬಹಿಷ್ಕಾರದ ಶಿಕ್ಷೆಯಿದೆ. ಚರ್ಚ್‌ನ ವಂತಿಗೆ ಬಾಕಿಯಾಗಿದೆಯೆಂದು ಹಿಂಜರಿಯುವವರೂ ಇದ್ದಾರೆ. ಬಡತನದ ಕಾರಣಕ್ಕೆ ಯಾರೂ ಸಂಸ್ಕಾರಗಳಿಂದ ವಂಚಿತರಾಗದಂತೆ ನೋಡಿಕೊಳ್ಳಬೇಕೆಂದು 848ನೆಯ ನಿಯಮ ಹೇಳುತ್ತದೆ.

ಇಷ್ಟೆಲ್ಲ ದಾರಿಗಳಿದ್ದರೂ, ಮನೆಯಲ್ಲಿ ನೀವು ನಡೆದುಕೊಳ್ಳುವ ರೀತಿಯೇ ಹೆಚ್ಚು ಮುಖ್ಯವೆಂದು ನನ್ನ ನಂಬಿಕೆ. ಸಂತ ಮೋನಿಕಾ, ಮುಂದೆ ತಾನೂ ಸಂತನೆನಿಸಿದ ತನ್ನ ಮಗ ಅಗಸ್ಟೀನನು ದಾರಿ ತಪ್ಪಿದಾಗ ಮೊದಲು ಅವನನ್ನು ತನ್ನ ಊಟದ ಪಂಕ್ತಿಯಿಂದಲೇ ದೂರವಿಟ್ಟಳು, ಆಮೇಲೆ ಮನಸ್ಸು ಬದಲಿಸಿ ಕರೆದುಕೊಂಡಳು. ಮಗನೊಂದಿಗೆ ವಾದಿಸಿ ತಿದ್ದಿರೆಂದು ಒಬ್ಬ ಧರ್ಮಾಧ್ಯಕ್ಷರಲ್ಲಿ ಆಕೆ ಬೇಡಿಕೊಂಡಾಗ, ಅವರು ವಾದಕ್ಕೆ ಇಳಿಯದೆ, ಅವನನ್ನು ಸದ್ಯಕ್ಕೆ ಬಿಟ್ಟು ಪ್ರಾರ್ಥಿಸುವಂತೆ ಹೇಳಿ ಕಳುಹಿಸಿದರು. ಅಗಸ್ಟೀನನ ಜ್ಞಾನಸ್ನಾನವಾದದ್ದು 387ರಲ್ಲಿ, ಅವನಿಗೆ ಮೂವತ್ತು ದಾಟಿದ ಮೇಲೆ.

ನೀವೂ ಮಗ ಫೋನ್ ಮಾಡಿದಾಗಲೆಲ್ಲ ‘ಪೂಜೆಗೆ ಹೋದೆಯಾ?’ ಎಂದು ಕೇಳುವುದನ್ನು ನಿಲ್ಲಿಸಿ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ (ಮರಿಯಮ್ಮನವರ ಜನ್ಮದಿನದ ತೆನೆಹಬ್ಬಕ್ಕೆ) ಮೂವರನ್ನೂ ಕರೆಯಿರಿ. ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಎಲ್ಲರೂ ಕೂಡಿ ಹೊಸ ಅಕ್ಕಿಯ ಸಸ್ಯಾಹಾರಿ ಊಟ ಮಾಡುವ ಆ ಹಬ್ಬದಲ್ಲಿ ಸೊಸೆಗೆ ಪರಕೀಯವೆನಿಸುವುದು ಕಡಿಮೆ. ಆಕೆಗೆ ಕೊಂಕಣಿ ಬಾರದಿದ್ದರೆ ಅಂದು ಪಂಕ್ತಿಯಲ್ಲಿ ಎಲ್ಲರೂ ಕನ್ನಡದಲ್ಲೇ ಮಾತಾಡಿ. ತಿಳಿಯದ ಭಾಷೆಯ ನಡುವೆ ಕುಳಿತವರಿಗೆ ತಮ್ಮನ್ನೇ ಆಡಿಕೊಳ್ಳುತ್ತಿದ್ದಾರೆಂಬ ಅನುಮಾನ ಬರುವುದು ಸಹಜ. ಚರ್ಚ್ ವಾರ್ಡಿನ ಗುರಿಕಾರರಿಗೂ (ಮುಖಂಡರಿಗೂ) ನೆರೆಯವರಿಗೂ, ಮದುವೆಯ ವಿಷಯ ಎತ್ತದೆ ಕುಶಲ ಮಾತ್ರ ವಿಚಾರಿಸುವಂತೆ ಮುಂಚಿತವಾಗಿ ತಿಳಿಸಿಡಿ. ಮಗನೇ ಕೇಳಿದ ದಿನ ಮೇಲಿನ ವಿವರಗಳನ್ನು ಹೇಳಿ, ಅವನು ಒಪ್ಪಿದರೆ ಧರ್ಮಗುರುಗಳ ಭೇಟಿಗೆ ಜೊತೆಯಲ್ಲಿ ಹೋಗಿ. ವಿಶ್ವಾಸವನ್ನು ಸ್ವೀಕರಿಸುವಂತೆ ಯಾರನ್ನೂ ಬಲವಂತಪಡಿಸಕೂಡದೆಂಬುದು ಅದೇ ಸಂಹಿತೆಯ 748ನೆಯ ನಿಯಮ. ಸೊಸೆಯ ವಿಷಯದಲ್ಲಿ ಅದನ್ನು ವಿಶೇಷವಾಗಿ ನೆನಪಿಡಿ.

ಇನ್ನು ಮೊಮ್ಮಗುವಿನ ವಿಷಯ. ರಜೆಗೆ ಬಂದಾಗ ಅಪ್ಪ ಅಮ್ಮನಿಗೆ ತಿಳಿಯದಂತೆ ಜ್ಞಾನಸ್ನಾನ ಮಾಡಿಸಿಬಿಡುವ ಯೋಚನೆ ಎಂದಿಗೂ ಬೇಡ. ಪ್ರಾಣಾಪಾಯದ ಸಂದರ್ಭವನ್ನು ಬಿಟ್ಟರೆ ತಂದೆ ತಾಯಿಗಳಲ್ಲಿ ಒಬ್ಬರಾದರೂ ಒಪ್ಪಲೇಬೇಕು, ಮಗು ಆ ವಿಶ್ವಾಸದಲ್ಲಿ ಬೆಳೆಯುವ ಆಧಾರಸಹಿತ ಭರವಸೆಯೂ ಇರಬೇಕು. ಭರವಸೆ ಇಲ್ಲವೆಂದು ಕಂಡರೆ ಧರ್ಮಗುರುಗಳು ಜ್ಞಾನಸ್ನಾನವನ್ನು ಮುಂದೂಡುತ್ತಾರೆ. ನಿಮ್ಮ ಮಗ ಒಪ್ಪಿದರೆ, ಮದುವೆಯ ವಿಷಯ ಇತ್ಯರ್ಥವಾಗುವ ಮೊದಲೇ ಮಗುವಿನ ಜ್ಞಾನಸ್ನಾನಕ್ಕಾಗಿ ಧರ್ಮಗುರುಗಳನ್ನು ಕೇಳಲು ಅಡ್ಡಿಯಿಲ್ಲ.